ಆಕಾಶ ನೋಡಿ ಬಂದ ಕಂಬಳಿ

೫೬ ಎ.ಪಿ.ಓ.
೯ ಆಗಸ್ಟ್ ೧೯೭೧

ಐಮಂಗಲದ ಕುರಿಮಂದೆಯ ಒಡೆಯರೂ ನನ್ನ ಸೋದರಮಾವನವರೂ ಆದ ಗುಡ್ಡಪ್ಪನವರ ಪಾದಕ್ಕೆ ಅಳಿಯ ಕರಿಸಿದ್ದಪ್ಪನ ನಮಸ್ಕಾರಗಳು.

ನಾನು ಕ್ಷೇಮ. ನೀವು, ಚಿತ್ತಮ್ಮ ಮತ್ತು ನೂರಾ ಹನ್ನೆರಡು ಕುರಿಗಳು ಕ್ಷೇಮವೆಂದು ನಂಬಿದ್ದೇನೆ. ಕುರಿಗಳನ್ನು ಮೊದಲು ಕೇಳಬೇಕಿತ್ತು, ತಪ್ಪಾಯಿತು.

ರಜೆ ಮುಗಿಸಿ ಹೊರಟ ದಿನ ಕಂಡಕ್ಟರು ಎರಡು ಸಲ ಸೀಟಿ ಊದಿದರೂ ಬಸ್ಸಿನ ಬಾಗಿಲು ಬಿಡದೆ ನೀವು ಹೇಳಿದ ಎರಡು ಮಾತು ಕಿವಿಯಲ್ಲಿವೆ. "ಕುರಿ ಮರೆತೋನಿಗೆ ನನ್ ಮಗಳನ್ನ ಕೊಡಾಕಿಲ್ಲ" ಎನ್ನುವುದು ಮೊದಲನೆಯದು. ಆಮೇಲೆ ನನ್ನ ಹೆಗಲಿಗೆ ಕರಿ ಕಂಬಳಿ ಹಾಕಿ, "ಇದು ನಮ್ಮಪ್ಪ ಹೊದ್ದ ಕಂಬ್ಳಿ. ಮದ್ವೆ ಮಾತಿನ ದಿನ ಇದನ್ನೇ ಹಾಸ್ಬೇಕು. ಇಡೀ ತಂದ್ರೆ ಹೆಣ್ಣು, ಇಲ್ದಿದ್ರೆ ಇಲ್ಲ" ಎಂದಿರಿ. ಕಂಬಳಿ ಕ್ಷೇಮ. ನಾನು ಹೊದೆಯುವುದಕ್ಕಿಂತ ಹೆಚ್ಚಾಗಿ ಅದನ್ನು ಕಾಯುತ್ತಿದ್ದೇನೆ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಸಾಮಾನು ಸಾಗಿಸುವ ವಿಮಾನದ ಬಾಗಿಲಲ್ಲಿ ನಿಂತು, ಛತ್ರಿ ಕಟ್ಟಿದ ಅಕ್ಕಿ ಮೂಟೆ ಬೇಳೆ ಮೂಟೆಗಳನ್ನು ಬೆಟ್ಟದಲ್ಲಿರುವ ನಮ್ಮವರಿಗೆ ಮೇಲಿಂದ ತಳ್ಳುವುದು. ಈ ತಿಂಗಳು ನನ್ನನ್ನು ಒಂದು ವಿಶೇಷ ಕೆಲಸಕ್ಕೆ ಆರಿಸಿದ್ದಾರೆ. ಅದೇನೆಂದರೆ ██████████████. ನಗಬೇಡಿ. (ಇಲ್ಲಿಂದ ಹೋಗುವ, ಇಲ್ಲಿಗೆ ಬರುವ ಪತ್ರಗಳನ್ನು ಓದುವುದಕ್ಕೇ ಒಬ್ಬ ಸಾಹೇಬರಿದ್ದಾರೆ. ಬೇಡದ ಮಾತಿಗೆ ಕಪ್ಪು ಶಾಯಿ ಬಳಿಯುತ್ತಾರೆ.)

ಸುಮ್ಮನೆ ತಿಳಿದುಕೊಳ್ಳಲು ಒಂದು ಮಾತು ಕೇಳುತ್ತೇನೆ. ಹತ್ತು ಹನ್ನೊಂದು ಕುರಿಗಳನ್ನು ಕತ್ತಲಾದ, ಅಲುಗಾಡುವ, ಭಾರಿ ಸದ್ದಿನ ಗಾಡಿಯೊಳಗೆ ಹತ್ತಿಸಿದರೆ ಅವು ಬೆದರದಂತೆ ಏನು ಮಾಡಬೇಕು?

ಇಂತಿ ನಿಮ್ಮ ಅಳಿಯ (ಆಗಬೇಕಾದವನು)
ಕರಿಸಿದ್ದಪ್ಪ

ಐಮಂಗಲ
೩ ಸೆಪ್ಟೆಂಬರ್ ೧೯೭೧

ಬಾವ, ಅಪ್ಪ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಬೀಡಿ ಹಚ್ಚಿಕೊಂಡು ಗಂಟಲು ಸರಿಮಾಡಿಕೊಂಡಿದ್ದಾನೆ.

"ಲೇ ಕರಿಸಿದ್ದ, ಕಾಗ್ದ ಬಂತು. ನಿನ್ ಊರಿನ ಹೆಸ್ರು ಐವತ್ತಾರು ಎ.ಪಿ.ಓ. ಅಂತ ಐತೆ. ಇದು ಹಿರಿಯೂರಿಂದ ಎಷ್ಟು ಮೈಲಿ ಅಂತ ಪೋಸ್ಟಿನ ಬೋರಯ್ಯನ್ನ ಕೇಳ್ದೆ. 'ಅದು ಊರಲ್ಲ ಗುಡ್ಡಣ್ಣ, ಮಿಲಿಟ್ರಿ ಪೋಸ್ಟಿನ ನಂಬ್ರು' ಅಂದ. ನಂಬ್ರಿನಾಗೆ ಸಂಸಾರ ಮಾಡೋರ್ನ ನಾನು ಕಂಡಿಲ್ಲ. ಇನ್ನು ಕಾಗ್ದದಾಗೆ ಟಾರು ಬಳ್ದೈತೆ. ಹೈವೇ ರಿಪೇರಿ ಮಾಡೋರ ಕೈಗೆ ಕೊಟ್ಟಿದ್ದೇನು?

ಕುರಿ ವಿಷ್ಯ ಕೇಳಿದ್ದು ಬಲೇ ಸಂತೋಷ ಆತು. ಇಮಾನ ಕಂಡ ಮ್ಯಾಲೆ ಕುರಿ ಮರೀತಾನೆ ಅಂದ್ಕಂಡಿದ್ದೆ. ಕೇಳು. ಹನ್ನೊಂದನ್ನೂ ಎಳೀಬ್ಯಾಡ. ಮುಂದೆ ನಡಿಯೋ ಟಗರು ಒಂದು ಇರ್ತದೆ. ಅದ್ನ ಹತ್ಸು. ಉಳಿದವು ನಿನ್ನ ಕೇಳದೇನೇ ಹತ್ತುತ್ವೆ. ಹೊಟ್ಟೆ ತುಂಬಾ ಮೇಯಿಸಿ ಹತ್ತಿಸ್ಬ್ಯಾಡ, ಗಾಡಿ ತೊಳೆಯೋನು ನಿನ್ನ ಬೈತಾನೆ. ಹಿಂದೆ ನಿಂತು ಕೂಗ್ಬ್ಯಾಡ, ಮಧ್ಯ ಕುಂತ್ಕ. ಅಷ್ಟೇ.

ಅದ್ಸರಿ, ಕುರಿ ಯಾರವು?"

ಇಲ್ಲಿಂದ ಕೆಳಗಿನದು ನನ್ನದು. ಬರೆದಾದ ಮೇಲೆ ಅಪ್ಪ ಓದಿಸಿ ಕೇಳುತ್ತಾನೆ. ಇದನ್ನು ಬಿಟ್ಟು ಓದುತ್ತೇನೆ. ಮತ್ತೋಡಿನಿಂದ ಓಬಯ್ಯ ಎನ್ನುವವನು ನನ್ನನ್ನು ನೋಡಲು ಬಂದಿದ್ದ. ಇನ್ನೂರು ಕುರಿ, ಒಂದು ಕಪ್ಪು ಕನ್ನಡಕ, ಒಂದು ಟ್ರಾನ್ಸಿಸ್ಟರು. ಕೂತಷ್ಟು ಹೊತ್ತೂ ಅವನು ಬಾಯಿ ಬಿಡಲಿಲ್ಲ, ಟ್ರಾನ್ಸಿಸ್ಟರೇ ಮಾತಾಡಿತು. ಅಪ್ಪನಿಗೆ ಆ ಇನ್ನೂರು ಮಾತ್ರ ಕೇಳಿಸಿದೆ. ಬೇಗ ಬರೆ.

ಬರೆದವಳು: ಚಿತ್ತಮ್ಮ

೫೬ ಎ.ಪಿ.ಓ.
೨೪ ಸೆಪ್ಟೆಂಬರ್ ೧೯೭೧

ಪೂಜ್ಯ ಮಾವನವರಿಗೆ,

ನೀವು ಹೇಳಿಕೊಟ್ಟದ್ದನ್ನು ██████ ಅವರಿಗೆ ತಿಳಿಸಿದೆ. ಅವರು ಅದನ್ನು ██████ಯಲ್ಲಿ ಬರೆದುಕೊಂಡರು. ತುಂಬಾ ಅನುಕೂಲವಾಯಿತು. ಮುಂದಿನ ಸಲಕ್ಕೆ ಇನ್ನಷ್ಟು ಬೇಕು ಎನ್ನುತ್ತಿದ್ದಾರೆ.

ಒಂದು ಕುರಿಯನ್ನು ಎತ್ತರದಿಂದ ಕೆಳಗಿಳಿಸಬೇಕಾದರೆ ಹಗ್ಗವನ್ನು ಎಲ್ಲಿ ಹಾಯಿಸಬೇಕು? ಹೊಟ್ಟೆಗೆ ಬಿಗಿದರೆ ಒದ್ದಾಡುತ್ತದೆ, ಎದೆಗೆ ಬಿಗಿದರೆ ಜಾರುತ್ತದೆ. ಇಳಿದ ಮೇಲೆ ಗೊತ್ತಿಲ್ಲದ ಜಾಗದಲ್ಲಿ ಅದು ಅರಚಬಾರದು. ಒಂದೇ ಒಂದು ಸಲವೂ ಅರಚಬಾರದು. ಅರಚಿದರೆ ██████ ಕೇಳಿಸಿ ಎಲ್ಲರೂ ಸಿಕ್ಕಿಬೀಳುತ್ತಾರೆ. ಕೆಲಸ ಬೆಳಕು ಹರಿಯುವ ಮೊದಲೇ ಮುಗಿಯಬೇಕು.

ಯಾರ ಕುರಿ, ಎಲ್ಲಿಂದ, ಎಲ್ಲಿಗೆ ಎಂದು ದಯವಿಟ್ಟು ಕೇಳಬೇಡಿ. ಈ ಪತ್ರವನ್ನು ಯಾರಿಗೂ ತೋರಿಸದಿದ್ದರೆ ಉಪಕಾರ.

ಚಿತ್ತಮ್ಮನಿಗೆ: ನನ್ನ ಹತ್ತಿರ ಟ್ರಾನ್ಸಿಸ್ಟರು ಇಲ್ಲ. ಆದುದರಿಂದ ನಾನೇ ಮಾತಾಡಬೇಕಾಗುತ್ತದೆ.

ಕರಿಸಿದ್ದಪ್ಪ

ಐಮಂಗಲ
೧೪ ಅಕ್ಟೋಬರ್ ೧೯೭೧

"ಲೇ ಕಳ್ಳ,

ನನಗೆ ಎಲ್ಲಾ ತಿಳೀತು. ಟಾರು ಬಳ್ದದ್ದು ಯಾಕೆ ಅಂತಾನೂ ತಿಳೀತು. ಪಾಲುದಾರನ ಹೆಸ್ರು ಮುಚ್ಚಾಕೆ.

ಎತ್ತರದಿಂದ ಇಳಿಸೋದು ಅಂದ್ರೆ ಏನು? ಕಾಂಪೌಂಡು ಗೋಡೆ ದಾಟ್ಸೋದು. ಅರಚಬಾರ್ದು, ಬೆಳಕು ಹರಿಯೋದ್ರೊಳಗೆ ಮುಗೀಬೇಕು, ಯಾರ ಕುರಿ ಅಂತ ಕೇಳ್ಬ್ಯಾಡ, ಸಿಕ್ಕಿಬೀಳ್ತೀವಿ. ಇಂಥ ಮಾತು ಯಾವನು ಆಡ್ತಾನಲೇ? ಹದಿಮೂರು ವರ್ಷದ ಕೆಳಗೆ ಇದೇ ಹೈವೇನಾಗೆ ನನ್ನ ಹನ್ನೊಂದು ಕುರಿನ ಲಾರಿಗೆ ತುಂಬ್ಕಂಡು ಹೋದ್ರು. ಬಾಯಿಗೆ ಬಟ್ಟೆ ಕಟ್ಟಿದ್ರು, ಒಂದೂ ಅರಚಲಿಲ್ಲ. ನಿನಗಾಗ ಹತ್ತು ವರ್ಷ. ನನ್ನ ಪಕ್ಕ ಕುಂತು ಅತ್ತಿದ್ದೆ. ಈಗ ನೀನೇ ಹನ್ನೊಂದು ಹತ್ತಿಸ್ತೀಯ, ಅದಕ್ಕೆ ನನ್ನ ಹತ್ರಾನೇ ಪಾಠ ಹೇಳಿಸ್ಕಂತೀಯ! ಎರಡ್ನೇ ತಿಂಗಳಿಗೆ ಇನ್ನಷ್ಟು ಬೇಕಂತೆ!

ಕುರಿ ಮರೆತೋನಿಗೆ ಹೆಣ್ಣು ಕೊಡಾಕಿಲ್ಲ ಅಂದಿದ್ದೆ. ಮರೆತಿದ್ರೇ ಚೆನ್ನಾಗಿತ್ತು. ನಮ್ಮಪ್ಪನ ಕಂಬ್ಳಿ ಪಾರ್ಸಲ್ ಮಾಡು. ಕಾರ್ತೀಕ ಕಳೀತಲೂ ಮತ್ತೋಡಿನೋರ್ನ ಕರೀತೀನಿ."

ಬಾವ, ಅಪ್ಪ ಹೇಳಿದ್ದರಲ್ಲಿ ಏಳು ಬೈಗುಳ ಬಿಟ್ಟಿದ್ದೇನೆ. ಎರಡರ ಕಾಗುಣಿತ ಗೊತ್ತಾಗಲಿಲ್ಲ, ಐದನ್ನು ಬರೆಯಲು ನಾಚಿಕೆಯಾಯಿತು. ನೀನು ಕದ್ದಿದ್ದೀಯೆಂದು ನಾನು ನಂಬುವುದಿಲ್ಲ. ಆದರೂ ಅಕಸ್ಮಾತ್ ಕದ್ದಿದ್ದರೆ ನನಗೊಬ್ಬಳಿಗೆ ಹೇಳು. ವಾಪಸ್ ಬಿಡುವ ದಾರಿಯನ್ನು ಇಬ್ಬರೂ ಯೋಚಿಸಬಹುದು. ಕಾರ್ತೀಕಕ್ಕೆ ಬಹಳ ದಿನವಿಲ್ಲ.

ಚಿತ್ತಮ್ಮ

೫೬ ಎ.ಪಿ.ಓ.
೧೫ ಅಕ್ಟೋಬರ್ ೧೯೭೧

ಪೂಜ್ಯ ಮಾವನವರಿಗೆ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಅವಸರದ ವಿಷಯ ಬಂದಿದೆ.

ಇಲ್ಲಿ ಒಂದು ಟಗರಿದೆ. ಇಷ್ಟನ್ನು ಬರೆಯಬಹುದೆಂದು ಪತ್ರ ಓದುವ ಸಾಹೇಬರೇ ಅಪ್ಪಣೆ ಕೊಟ್ಟಿದ್ದಾರೆ. ಬಣ್ಣ ಕಂದು, ಕೊಂಬು ಒಂದೂವರೆ, ನಡಿಗೆಯಲ್ಲಿ ಗತ್ತು. ಆ ಗತ್ತಿಗೆ ಹುಡುಗರು ಅದಕ್ಕೆ ಸುಬೇದಾರ ಎಂದು ಹೆಸರಿಟ್ಟಿದ್ದಾರೆ. ನಿಜವಾದ ಸುಬೇದಾರರು ಎದುರಿಗಿದ್ದಾಗ ಮಾತ್ರ ಹಾಗೆ ಕರೆಯುವುದಿಲ್ಲ. ನೀವು ಹೇಳಿದ ಮುಂದೆ ನಡೆಯುವ ಟಗರು ಇವನೇ. ಮೊದಲು ಇವನು ██████, ಆಮೇಲೆ ಉಳಿದವು. ಮೂರು ಸಲ ಹೀಗೆ ಮಾಡಿದ. ಮೊನ್ನೆ ನಾಲ್ಕನೆಯ ಸಲ ██████ ಗಾಳಿ ██████ ಕಲ್ಲಿನ ಮೇಲೆ ಬಂದು ಮುಂಗಾಲು ಉಳುಕಿದೆ. ಊದಿದೆ. ಕಾಲು ನೆಲಕ್ಕೆ ಇಡುವುದಿಲ್ಲ.

ಮನುಷ್ಯರ ಡಾಕ್ಟರು ಬಂದು ನಾಲಿಗೆ ತೋರಿಸು ಎಂದರು. ತೋರಿಸಿದ. ಅಲ್ಲಿಗೆ ವೈದ್ಯ ಮುಗಿಯಿತು. ಅಡಿಗೆಯವನಿಗೆ ಇದಕ್ಕಿಂತ ಸುಲಭದ ದಾರಿ ಹೊಳೆದು ಚೂರಿ ತಂದ. ನಾನು ಅಡ್ಡ ನಿಂತಿದ್ದೇನೆ. ಎರಡು ದಿನದಿಂದ ನಿಮ್ಮ ಕಂಬಳಿಯ ಅರ್ಧ ಅವನಿಗೆ, ಅರ್ಧ ನನಗೆ. ನೋವಿಗೆ ಹಲ್ಲು ಕಡಿಯುತ್ತಾನೆ, ಆದರೆ ಕಂಬಳಿಯ ಅಂಚನ್ನು ಮೂಸಿದ ಕೂಡಲೇ ಸುಮ್ಮನಾಗುತ್ತಾನೆ.

ಏನು ಹಚ್ಚಬೇಕು, ಹೇಗೆ ಕಟ್ಟಬೇಕು, ಎಷ್ಟು ದಿನ ನಿಲ್ಲಿಸಬಾರದು, ದಯವಿಟ್ಟು ಮರುಟಪಾಲಿಗೆ ತಿಳಿಸಿ. ಬೇರೆ ಯಾವುದಕ್ಕೆ ಉತ್ತರ ಕೊಡದಿದ್ದರೂ ಇದಕ್ಕೆ ಕೊಡಿ.

ಕರಿಸಿದ್ದಪ್ಪ

೫೬ ಎ.ಪಿ.ಓ.
೨ ನವೆಂಬರ್ ೧೯೭೧

ಪೂಜ್ಯ ಮಾವನವರಿಗೆ,

ನಿಮ್ಮ ಹದಿನಾಲ್ಕನೆಯ ತಾರೀಖಿನ ಪತ್ರ ಈಗ ಬಂತು. ನಾನು ಕದ್ದಿಲ್ಲ. ನಿಜ ಏನೆಂದರೆ ██████████████████████████████████████████████████████████████████████████████████ ದೇವರಾಣೆ ██████████████████████. ಈಗ ನಿಮಗೆ ಎಲ್ಲವೂ ಅರ್ಥವಾಗಿರಬೇಕು.

ಕರಿಸಿದ್ದಪ್ಪ

ಐಮಂಗಲ
೬ ನವೆಂಬರ್ ೧೯೭೧

ಬಾವ, ನಿನ್ನ ಟಗರಿನ ಕಾಗದ ಬಂತು. ಅಪ್ಪ ಮೊದಲು, "ಕಳ್ಳನ ಕಾಗ್ದ ಓದ್ಬ್ಯಾಡ, ಒಲೆಗಿಡು" ಎಂದ. ಒಲೆಗೆ ಇಡುವ ಮೊದಲು ಗಟ್ಟಿಯಾಗಿ ಓದಿದೆ. ಕಾಲು ಊದಿದೆ ಎನ್ನುವಲ್ಲಿಗೆ ಬಂದಾಗ ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಯಾವ ಕಾಲು?" ಎಂದ. ಮೂರು ಸಲ ಓದಿಸಿದ. ಮುಂದಿನದು ಅವನ ಮಾತು.

"ಲೇ ಕರಿಸಿದ್ದ, ಹುಣಸೇ ಹಣ್ಣು ಕಿವುಚಿ ರಸ ತೆಗಿ. ಉಪ್ಪಾಕಿ ಗಟ್ಟಿಯಾಗಂಗೆ ಕುದಿಸು. ಕೈ ತಡ್ಕಳೋವಷ್ಟು ಬಿಸಿ ಇರೋವಾಗ ಹಚ್ಚು. ಮ್ಯಾಲೆ ಬಟ್ಟೆ ಸುತ್ತಿ ಎರಡು ಬಿದಿರು ದಬ್ಬೆ ಇಟ್ಟು ಕಟ್ಟು, ಬಾಳ ಬಿಗೀಬ್ಯಾಡ. ಎಂಟು ದಿನ ಇಳಿಜಾರಿನಾಗೆ ನಿಲ್ಲಿಸ್ಬ್ಯಾಡ. ನಿಮ್ಮ ಡಾಕ್ಟ್ರಿಗೂ ಬೇಕಾದ್ರೆ ಹೇಳ್ಕೊಡು.

ಮದ್ರಾಸಿನೋರು ಇರ್ತಾರಲ್ಲ ಮಿಲಿಟ್ರಿನಾಗೆ, ಅವ್ರ ಅಡಿಗೆ ಮನೇನಾಗೆ ಹುಣಸೇ ಹಣ್ಣು ಸಿಗ್ತದೆ.

ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಕಳ್ಳ ಆದೋನು ಕುಂಟೋ ಕುರಿಗೆ ಔಷ್ದಿ ಕೇಳ್ತಾನಾ? ಕದ್ದ ಕುರಿ ಕುಂಟಿದ್ರೆ ಅವತ್ತೇ ಸಾರು. ಅಡ್ಡ ನಿಂತೆ ಅಂತ ಬರ್ದೀಯ. ಮತ್ತೋಡಿನ ಓಬಯ್ಯ ಕರೀದೇನೇ ಬಂದಿದ್ದ. ಪರೀಕ್ಷೆ ಮಾಡಾಣ ಅಂತ ಕೇಳ್ದೆ, 'ಏನಪ್ಪ, ಟಗರಿನ ಮುಂಗಾಲು ಉಳುಕಿದ್ರೆ ಏನ್ಮಾಡ್ತಿ?' ಅಂತ. ಕನ್ನಡಕ ತೆಗೀದೇನೇ ಅಂದ, 'ಹೊಳಲ್ಕೆರೆ ಸಂತೆಗೆ ಹೊಡೀತೀನಿ, ಕುಂಟು ಕಾಣೋದ್ರೊಳಗೆ ಮಾರ್ಬೋದು.' ಇವನಿಗಿರೋದು ಇನ್ನೂರು ಕುರಿ ಅಲ್ಲ, ಇನ್ನೂರು ಸಾಮಾನು. ಮಜ್ಜಿಗೆ ಕುಡಿಸಿ ಕಳಿಸ್ದೆ.

ಯಾರ ಕುರಿ ಅಂತ ನಾನು ಇನ್ನು ಕೇಳಾಕಿಲ್ಲ. ಅರಚೋ ವಿಷ್ಯ ಹೇಳ್ತೀನಿ. ಬಾಯಿ ಕಟ್ಟೋದು ಕಳ್ಳರ ಕೆಲ್ಸ. ಕುರಿ ಅರಚೋದು ಒಂಟಿ ಅನ್ಸಿದಾಗ. ಮಂದೆ ವಾಸ್ನೆ ಮೂಗಿಗೆ ಬಡೀತಿದ್ರೆ ಯಾವ ಊರಿನಾಗೂ ಅದು ಅರಚಾಕಿಲ್ಲ. ನಿನ್ ಹತ್ರ ನಮ್ಮಪ್ಪನ ಕಂಬ್ಳಿ ಐತಲ್ಲ, ಅರವತ್ತು ವರ್ಷದ ಮಂದೆ ಅದರಾಗೈತೆ. ಹನ್ನೊಂದಕ್ಕೂ ಆ ವಾಸ್ನೆ ತೋರ್ಸು. ಹಗ್ಗ ಮುಂಗಾಲಿನ ಹಿಂದೆ ಒಂದು, ತೊಡೆ ಮುಂದೆ ಒಂದು, ಮಧ್ಯ ಗೋಣಿಚೀಲ.

ಪಾರ್ಸಲ್ ಬ್ಯಾಡ. ಕಂಬ್ಳಿ ನೀನೇ ತರ್ಬೇಕು. ಇಡೀ ತರ್ಬೇಕು."

ಇದರ ಕೆಳಗಿನದನ್ನು ಅಪ್ಪನಿಗೆ ಓದಿ ಹೇಳುವುದಿಲ್ಲ. ಓಬಯ್ಯ ಹೋಗುವಾಗ ಟ್ರಾನ್ಸಿಸ್ಟರಿನ ಸದ್ದು ಹೈವೇವರೆಗೂ ಕೇಳುತ್ತಿತ್ತು. ಅಷ್ಟು ಇಂಪಾದ ಹಾಡನ್ನು ನಾನು ಎಂದೂ ಕೇಳಿರಲಿಲ್ಲ.

ಚಿತ್ತಮ್ಮ

ಐಮಂಗಲ
೧೯ ಡಿಸೆಂಬರ್ ೧೯೭೧

ಬಾವ,

ಇದು ಪೂರಾ ನನ್ನ ಕಾಗದ. ನೀನು ಬರೆದು ನಲವತ್ತು ದಿನದ ಮೇಲಾಯಿತು, ಆಮೇಲೆ ಏನೂ ಇಲ್ಲ. ಕಡೆಗೆ ಬಂದದ್ದು ಆ ಪೂರ್ತಿ ಕಪ್ಪು ಕಾಗದ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಪಾಪ, ಎಷ್ಟೊಂದು ಹೇಳಾಕೆ ಒದ್ದಾಡ್ಯಾನೆ" ಎಂದು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾನೆ. ಬಂದವರಿಗೆಲ್ಲ ತೋರಿಸುತ್ತಾನೆ.

ಯುದ್ಧ ಶುರುವಾಯಿತೆಂದು ಗೊತ್ತಾದಾಗಿನಿಂದ ಹೈವೇ ಪಕ್ಕದ ಟೀ ಅಂಗಡಿಯ ರೇಡಿಯೋ ಮುಂದೆ ದಿನಾ ಕೂರುತ್ತಿದ್ದ. ವಾರ್ತೆ ಮುಗಿದ ಮೇಲೆ ಅಂಗಡಿಯವನನ್ನು ಒಂದೇ ಮಾತು ಕೇಳುತ್ತಿದ್ದ: "ಕುರಿ ವಿಷ್ಯ ಏನಾರ ಹೇಳಿದ್ರಾ?" ಅಂಗಡಿಯವನು ಅಪ್ಪನಿಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾನೆ. ಮೊನ್ನೆ ಯುದ್ಧ ಮುಗಿಯಿತೆಂದು ಎಲ್ಲರೂ ಸಕ್ಕರೆ ಹಂಚಿದರು. ಅಪ್ಪ ತನ್ನ ಪಾಲಿನದನ್ನು ಕಾಗದದಲ್ಲಿ ಕಟ್ಟಿ, ನಿನ್ನ ಕಾಗದ ಬಂದ ದಿನ ತಿನ್ನುತ್ತೇನೆಂದು ಗೋಡೆಯ ಮಾಡದಲ್ಲಿ ಇಟ್ಟಿದ್ದಾನೆ. ಇರುವೆ ಮುತ್ತಿವೆ. ಬೇಗ ಬರೆ.

ಚಿತ್ತಮ್ಮ

೫೬ ಎ.ಪಿ.ಓ.
೨ ಜನವರಿ ೧೯೭೨

ಪೂಜ್ಯ ಮಾವನವರಿಗೆ,

ಕ್ಷೇಮ. ಎರಡು ಕೈ, ಎರಡು ಕಾಲು, ಪೂರ್ತಿ ಮೂಗು. ಈಗ ಸ್ವಲ್ಪ ಹೇಳಬಹುದು ಎಂದಿದ್ದಾರೆ.

ನಮ್ಮವರು ಕೆಲವರು ಒಂದು ಬೆಟ್ಟದಲ್ಲಿ ಅಡಗಿ ಕೂತು ಕೆಲಸ ಮಾಡುತ್ತಿದ್ದರು. ಅವರಿಗೆ ಊಟ ಮೇಲಿಂದಲೇ ಹೋಗಬೇಕು. ಮಾಂಸ ಕಳಿಸಿದರೆ ಕೆಡುತ್ತದೆ. ಆದ್ದರಿಂದ ಕುರಿಗಳನ್ನೇ, ಜೀವಂತ, ಛತ್ರಿ ಕಟ್ಟಿ ಇಳಿಸಬೇಕು. ವಿಮಾನದ ಸದ್ದು ಅಲ್ಲಿ ಮಾಮೂಲು, ಆದರೆ ಅವು ಅರಚಿದರೆ ಸುತ್ತಲ ಶತ್ರುವಿಗೆ ಜಾಗ ಗೊತ್ತಾಗುತ್ತದೆ. "ಇಲ್ಲಿ ಕುರಿ ಬಲ್ಲವರು ಯಾರು?" ಎಂದು ಕೇಳಿದಾಗ ಇಡೀ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಬಂದವನು ನಾನೊಬ್ಬನೇ. ನಮ್ಮ ವಿಮಾನದ ಹೆಸರು ಡಕೋಟ. ನಮ್ಮ ಕಡೆ ಹಳೇ ಬಸ್ಸಿಗೆ ಹಾಗೆನ್ನುತ್ತಾರೆ. ಸದ್ದಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಅಭ್ಯಾಸಕ್ಕೆ ಇಳಿಸುವಾಗ ಉಳುಕಿದ್ದ ಸುಬೇದಾರನ ಕಾಲು ಹುಣಸೇ ಹಣ್ಣಿಗೆ ಒಂಬತ್ತನೆಯ ದಿನ ನೆಟ್ಟಗಾಯಿತು. ಡಿಸೆಂಬರಿನ ಒಂದು ಬೆಳಗಿನ ಜಾವ ಹೊರಟೆವು. ನೀವು ಹೇಳಿದ ಹಾಗೆ ಮಧ್ಯ ಕೂತೆ. ಬಾಗಿಲು ತೆರೆದಾಗ ಸುಬೇದಾರ ಒಮ್ಮೆ ನನ್ನ ಮುಖ, ಒಮ್ಮೆ ಮೋಡ ನೋಡಿ, ಬೇಲಿ ಹಾರುವಂತೆ ಹಾರಿದ. ಉಳಿದ ಹತ್ತೂ ಹಿಂದೆಯೇ. ಕೆಳಗಿದ್ದವರು ಹೇಳಿದರು: ಹನ್ನೊಂದರಲ್ಲಿ ಒಂದೂ ಬಾಯಿ ಬಿಡಲಿಲ್ಲವಂತೆ.

ಈಗ ಅಪರಾಧ ಹೇಳುತ್ತೇನೆ. ಹನ್ನೊಂದಕ್ಕೂ ಮಂದೆಯ ವಾಸನೆ ತೋರಿಸು ಎಂದಿರಿ. ಕಂಬಳಿ ಇಡೀ ತಾ ಎಂದೂ ಹೇಳಿದಿರಿ. ಹನ್ನೊಂದು ಕುರಿ ಹನ್ನೊಂದು ಛತ್ರಿಯಲ್ಲಿ ಇಳಿಯುತ್ತವೆ ಮಾವ, ಕಂಬಳಿ ಒಂದೇ. ಹಿಂದಿನ ಸಂಜೆ ಕತ್ತರಿ ಹಿಡಿದು ಬಹಳ ಹೊತ್ತು ಕೂತೆ. ಚಿತ್ತಮ್ಮನನ್ನು ನೆನೆದು ಕೆಳಗಿಟ್ಟೆ. ಬೆಟ್ಟದಲ್ಲಿ ಕೂತವರನ್ನು ನೆನೆದು ಎತ್ತಿಕೊಂಡೆ. ಹನ್ನೊಂದು ತುಂಡು ಮಾಡಿ ಒಂದೊಂದರ ಕೊರಳಿಗೆ ಒಂದೊಂದು ಕಟ್ಟಿದೆ.

ಮೊನ್ನೆ ಅವರೆಲ್ಲ ಬೆಟ್ಟ ಇಳಿದು ಬಂದರು. ಎಲ್ಲರಿಗಿಂತ ಮುಂದೆ ಸುಬೇದಾರ, ನಡೆದುಕೊಂಡು. ದಾರಿ ತೋರಿಸಿದವನನ್ನು ಕೊಯ್ಯಲು ಯಾರಿಗೂ ಕೈ ಬರಲಿಲ್ಲವಂತೆ. ಒಂಬತ್ತು ತುಂಡುಗಳನ್ನು ಮಡಿಸಿ ತಂದುಕೊಟ್ಟರು. ಒಂದು ಕಳೆದಿದೆ. ಇನ್ನೊಂದನ್ನು ಒಬ್ಬ ಹವಾಲ್ದಾರರು ಕಿವಿಗೆ ಸುತ್ತಿಕೊಂಡಿದ್ದಾರೆ, ಜೀವ ಹೋದರೂ ಕೊಡುವುದಿಲ್ಲ ಎನ್ನುತ್ತಾರೆ. ಛತ್ರಿ ಹೊಲಿಯುವ ದರ್ಜಿ ಒಂಬತ್ತನ್ನೂ ಜೋಡಿಸಿ, ಕಡಿಮೆ ಬಿದ್ದಲ್ಲಿ ಛತ್ರಿಯ ಬಿಳಿ ಬಟ್ಟೆ ತೇಪೆ ಹಾಕಿದ್ದಾನೆ.

ಇಡೀ ಅಲ್ಲ. ಇದನ್ನು ತರಲೇ, ಬೇಡವೇ?

ಕರಿಸಿದ್ದಪ್ಪ

(ಅಂಚಿನಲ್ಲಿ, ಬೇರೆ ಕೈಬರಹದಲ್ಲಿ:) ಗುಡ್ಡಪ್ಪನವರೇ, ಐದು ತಿಂಗಳಿಂದ ನಿಮ್ಮ ಅಳಿಯನ ಪತ್ರಗಳಿಗೆ ಟಾರು ಬಳಿದವನು ನಾನೇ. ನನ್ನ ಊರು ಹೊಸದುರ್ಗ. ಹುಡುಗ ಕಳ್ಳನಲ್ಲ. ಇದನ್ನು ಬರೆಯಲು ನನಗೆ ಅಧಿಕಾರವಿಲ್ಲ. ಈ ಸಾಲಿಗೆ ನಾನೇ ಶಾಯಿ ಬಳಿಯಬೇಕಿತ್ತು. ಶಾಯಿ ಮುಗಿದಿದೆ.

ಐಮಂಗಲ
೨೪ ಜನವರಿ ೧೯೭೨

"ಲೇ ಅಳಿಯ,

ಸಕ್ಕರೆ ತಿಂದೆ. ಇರುವೆ ಸಮೇತ.

ನಿನ್ ಕಾಗ್ದ ಹಟ್ಟಿ ಹಿರೀಕರ ಮುಂದೆ ಓದಿಸ್ದೆ. ಕರಿಯಣ್ಣ ಎದ್ದು ನಿಂತ, 'ತುಂಡಾದ ಕಂಬ್ಳಿ ಮ್ಯಾಲೆ ಮದ್ವೆ ಮಾತು ನಡೆಯಾಕಿಲ್ಲ' ಅಂದ. ನಾನಂದೆ, 'ಏನಪ್ಪ ಕರಿಯಣ್ಣ, ನಿನ್ ಕಂಬ್ಳಿ ಇಡೀ ಐತೆ, ಒಪ್ಕಂಡೆ. ಅದು ಯಾವತ್ತಾದ್ರೂ ಹೊಳಲ್ಕೆರೆ ದಾಟೈತಾ? ನಮ್ಮಪ್ಪನ ಕಂಬ್ಳಿ ಮೋಡದ ಮ್ಯಾಲೆ ಹೋಗಿ, ಹನ್ನೊಂದು ಕಡೆ ಇಳ್ದು, ಬೆಟ್ಟ ಹತ್ತಿ, ಮಿಲಿಟ್ರಿಯೋರ ಪ್ರಾಣ ಕಾದು ವಾಪಸ್ ಬಂದೈತೆ. ಹರಿದಿದ್ದಲ್ಲ ಅದು, ತಿರುಗಾಡಿ ಬಂದಿದ್ದು.' ಬಾಯಿಗೆ ಬಟ್ಟೆ ಕಟ್ಟದೇನೇ ಕರಿಯಣ್ಣ ಸುಮ್ನಾದ.

ಕಡ್ಮೆ ಬಿದ್ದ ಎರಡು ತುಂಡಿಗೆ ಉಣ್ಣೆ ಎತ್ತಿಟ್ಟಿದ್ದೀನಿ. ಬಿಳಿ ತೇಪೆ ಮಾತ್ರ ಬಿಚ್ಬ್ಯಾಡ, ಅದನ್ನ ನಾಕು ಜನ ನೋಡ್ಬೇಕು. ಯುಗಾದಿ ಆದ ಮ್ಯಾಲಿನ ಸೋಮವಾರ ಮದ್ವೆ ಮಾತು. ಬಸ್ಸಿನಾಗೇ ಬಾ, ಮ್ಯಾಲಿಂದ ಇಳೀಬ್ಯಾಡ, ಕುರಿ ಬೆದರ್ತವೆ. ಸುಬೇದಾರನ್ನ ಬಿಟ್ಟುಕೊಟ್ರೆ ಕರ್ಕಂಡು ಬಾ. ಅಡಿಗೆಗಲ್ಲ, ನೆಂಟರ ಸಾಲಿನಾಗೆ ನಿಲ್ಲಿಸಾಕೆ. ಆ ಟಾರಿನ ಸಾಹೇಬ್ರಿಗೂ ಹೇಳು, ಹೊಸದುರ್ಗದೋರು ಬೇರೆಯೋರಲ್ಲ, ಬರ್ರಿ ಅಂತ."

ಬಾವ, ಯಾವಾಗಲೂ ಕೊನೆಯ ಸಾಲುಗಳನ್ನು ಅಪ್ಪನಿಗೆ ಓದದೆ ಮುಚ್ಚಿಡುತ್ತಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ನೀನು ಕತ್ತರಿ ಕೆಳಗಿಟ್ಟದ್ದಕ್ಕೆ ನನಗೆ ಸಂತೋಷವಾಯಿತು. ಎತ್ತಿಕೊಂಡದ್ದಕ್ಕೆ ಇನ್ನೂ ಹೆಚ್ಚು ಸಂತೋಷವಾಯಿತು. ಇನ್ನೂರು ಕುರಿ ಯಾರದ್ದಾದರೂ ಇರಲಿ, ನಾನು ಆ ತೇಪೆಯ ಕಂಬಳಿಯ ಮೇಲೇ ಕೂರುತ್ತೇನೆ.

ಇಷ್ಟನ್ನೂ ಈಗಷ್ಟೇ ಗಟ್ಟಿಯಾಗಿ ಓದಿ ಹೇಳಿದೆ. ಅಪ್ಪ ಮೂಗು ಒರೆಸಿಕೊಂಡು, ಕುರಿ ಎಲ್ಲಿ ಹೋದವೋ ನೋಡಿ ಬರುತ್ತೇನೆ ಎಂದು ಎದ್ದು ಹೋದ.

ಕುರಿಗಳೆಲ್ಲ ಇಲ್ಲೇ, ನನ್ನ ಕಣ್ಣ ಮುಂದೆ ರೊಪ್ಪದಲ್ಲಿವೆ.

ಚಿತ್ತಮ್ಮ